ಸ್ಕ್ರೀನ್ ಮಿಟುಕುತ್ತಿದೆಯೇ? ಡ್ರೈವರ್ ತೆಗೆಯುವ ಮೊದಲು ಮತ್ತು ತೆಗೆಯುವಾಗ

ಡೆಸ್ಕ್‌ಟಾಪ್‌ನ ಸ್ಕ್ರೀನ್ ಮಿಟುಕಲು ಶುರುವಾದರೆ ಹೆಚ್ಚಿನವರು ಮೊದಲು ಮಾಡುವುದು ಲೇಟೆಸ್ಟ್ ಡ್ರೈವರ್ (ಸ್ಕ್ರೀನ್‌ಗೆ ಚಿತ್ರ ಕಳಿಸುವ ಗ್ರಾಫಿಕ್ಸ್ ಕಾರ್ಡನ್ನು ವಿಂಡೋಸ್‌ಗೆ ಹೊಂದಿಸುವ ಸಾಫ್ಟ್‌ವೇರ್) ಹುಡುಕಿ ಹಾಕುವುದು. ಕೆಲವು ಸಲ ಅಷ್ಟರಲ್ಲೇ ಸರಿಹೋಗುತ್ತದೆ, ನಿಜ. ಆದರೆ ಮಿಟುಕಾಟ ಬಂದದ್ದೇ ಲೇಟೆಸ್ಟ್ ಡ್ರೈವರ್‌ನಿಂದ ಎಂದಾದರೆ? ಅಥವಾ ತಪ್ಪು ಕೇಬಲ್‌ನದಾಗಿದ್ದರೆ? ಡ್ರೈವರ್ ಬದಲಿಸುವುದು ಎರಡನೇ ಕೆಲಸ. ಮಿಟುಕಾಟ ಎಲ್ಲಿಂದ ಹುಟ್ಟುತ್ತಿದೆ ಎಂದು ಪತ್ತೆಹಚ್ಚುವುದು ಮೊದಲನೆಯದು. ಅದಕ್ಕೆ ಅರ್ಧ ಗಂಟೆ ಸಾಕು, ಕ್ಯಾಬಿನೆಟ್‌ನ ಒಂದು ಸ್ಕ್ರೂ ಕೂಡ ಬಿಚ್ಚಬೇಕಿಲ್ಲ.

ಇಲ್ಲಿ ಹೇಳಿರುವುದು ವಿಂಡೋಸ್ 10 ಮತ್ತು 11 ಇರುವ ಡೆಸ್ಕ್‌ಟಾಪ್‌ಗಳಿಗೆ. ಲ್ಯಾಪ್‌ಟಾಪ್‌ನ ಡಿಸ್‌ಪ್ಲೇಗೆ ಬೇರೆಯದೇ ಆದ ಒಂದಷ್ಟು ಕಾಯಿಲೆಗಳಿವೆ, ಅವುಗಳ ಗೊಡವೆ ಇಲ್ಲಿಲ್ಲ.

ಮೊದಲು ತಪ್ಪು ಯಾರದೆಂದು ನೋಡಿ

ಮಾನಿಟರ್‌ನ ಅಂಚಿನಲ್ಲಿರುವ ಬಟನ್ ಒತ್ತಿ ಅದರ ಸ್ವಂತ ಮೆನು ತೆರೆಯಿರಿ, ಬ್ರೈಟ್‌ನೆಸ್, ಕಾಂಟ್ರಾಸ್ಟ್ ಇರುತ್ತದಲ್ಲ, ಅದು. ಈ ಮೆನುವನ್ನು ಬರೆಯುವುದು ಮಾನಿಟರ್ ಒಳಗಿನ ಬೋರ್ಡ್, ಕಂಪ್ಯೂಟರ್ ಅಲ್ಲ. ಹಿಂದಿನ ಚಿತ್ರದ ಜೊತೆ ಮೆನುವೂ ಮಿಣುಕಿದರೆ ಬ್ಯಾಕ್‌ಲೈಟ್ ಅಥವಾ ಮಾನಿಟರ್‌ನ ಪವರ್ ಭಾಗವನ್ನು ಅನುಮಾನಿಸಿ, ಡ್ರೈವರ್ ತಂಟೆಗೆ ಹೋಗಬೇಡಿ. ಮೆನು ಗಟ್ಟಿಯಾಗಿ ನಿಂತು ಹಿಂದಿನ ಚಿತ್ರವಷ್ಟೇ ಒದ್ದಾಡಿದರೆ ದೋಷ ಮಾನಿಟರ್‌ಗೆ ಬರುವ ಸಿಗ್ನಲ್‌ನಲ್ಲಿದೆ. ಒಂದೆರಡು ಸೆಕೆಂಡ್ ಪೂರ್ತಿ ಕಪ್ಪಾಗಿ ಮತ್ತೆ ಬರುವ ಕಾಯಿಲೆಗೆ ಮಾತ್ರ ಈ ಪರೀಕ್ಷೆ ನಡೆಯುವುದಿಲ್ಲ. ಸಿಗ್ನಲ್ ಕಡಿದಾಗ ಮೆನುವೂ ಹೋಗಿಬಿಡಬಹುದು.

ಮುಂದಿನದು ಟಾಸ್ಕ್ ಮ್ಯಾನೇಜರ್. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ತೆರೆದುಕೊಳ್ಳುತ್ತದೆ. ಇದು ಮೈಕ್ರೋಸಾಫ್ಟ್‌ನವರೇ ಹೇಳುವ ಪರೀಕ್ಷೆ: ಉಳಿದೆಲ್ಲದರ ಜೊತೆ ಟಾಸ್ಕ್ ಮ್ಯಾನೇಜರ್ ಕಿಟಕಿಯೂ ಮಿಟುಕಿದರೆ ಡಿಸ್‌ಪ್ಲೇ ಡ್ರೈವರ್ ಮೇಲೆ ಗುಮಾನಿ, ಅದೊಂದು ಸುಮ್ಮನಿದ್ದು ಉಳಿದದ್ದು ಮಿಟುಕಿದರೆ ಯಾವುದೋ ಆ್ಯಪ್‌ನ ಕಿತಾಪತಿ. ವಿಂಡೋಸ್ 10 ಹೊಸದಾಗಿ ಬಂದ ಕಾಲದಲ್ಲಿ ಹೀಗೆ ತೊಂದರೆ ಕೊಡುವ ಆ್ಯಪ್‌ಗಳೆಂದು ಮೈಕ್ರೋಸಾಫ್ಟ್ ನಾರ್ಟನ್ ಆಂಟಿವೈರಸ್, ಐಕ್ಲೌಡ್ ಮತ್ತು ಐಡಿಟಿ ಆಡಿಯೋಗಳನ್ನು ಹೆಸರಿಸಿತ್ತು. ಆಡಿಯೋ ಸಾಫ್ಟ್‌ವೇರ್‌ಗೂ ಸ್ಕ್ರೀನ್‌ಗೂ ಎಲ್ಲಿಯ ಸಂಬಂಧ ಎಂದು ಅನ್ನಿಸಬಹುದು. ಡೆಸ್ಕ್‌ಟಾಪ್ ಅನ್ನು ಪದೇಪದೇ ಹೊಸದಾಗಿ ಬರೆಯುವಂತೆ ಎಕ್ಸ್‌ಪ್ಲೋರರ್ ಅನ್ನು ಕೆಣಕುವ ಯಾವ ಪ್ರೋಗ್ರಾಂ ಆದರೂ ಮಿಟುಕಾಟ ತರಬಲ್ಲದು.

ಮೂರನೆಯದು ಬಯಾಸ್, ಅಂದರೆ ವಿಂಡೋಸ್‌ಗಿಂತ ಮೊದಲೇ ಓಡುವ ಮದರ್‌ಬೋರ್ಡ್‌ನ ಸ್ವಂತ ಸಾಫ್ಟ್‌ವೇರ್. ಕಂಪ್ಯೂಟರ್ ಆನ್ ಆಗುವಾಗ ಡಿಲೀಟ್ ಅಥವಾ ಎಫ್2 ಒತ್ತಿ ಬಯಾಸ್ ಸೆಟಪ್‌ಗೆ ಹೋಗಿ ಹತ್ತು ನಿಮಿಷ ಹಾಗೇ ಬಿಡಿ. ಅಲ್ಲಿ ವಿಂಡೋಸ್ ಡ್ರೈವರ್ ಇನ್ನೂ ಲೋಡ್ ಆಗಿರುವುದಿಲ್ಲ. ಅಲ್ಲೂ ಮಿಟುಕಿದರೆ ಕೇಬಲ್, ಮಾನಿಟರ್ ಅಥವಾ ಗ್ರಾಫಿಕ್ಸ್ ಕಾರ್ಡ್, ಈ ಮೂರರಲ್ಲೊಂದು. ಅಲ್ಲಿ ಮಿಟುಕಲಿಲ್ಲ ಎಂದ ಮಾತ್ರಕ್ಕೆ ಡ್ರೈವರ್‌ದೇ ತಪ್ಪೆಂದು ತೀರ್ಪು ಕೊಡಬೇಡಿ, ಎಡವುವುದು ಇಲ್ಲೇ. ಬಯಾಸ್ ಪರದೆ ಓಡುವುದು ಸಾಮಾನ್ಯವಾಗಿ 60 ಹರ್ಟ್ಸ್‌ನಲ್ಲಿ (ಸೆಕೆಂಡಿಗೆ 60 ಸಲ ಚಿತ್ರ ಹೊಸದಾಗಿ ಬರೆಯುವ ವೇಗ), ಎಷ್ಟೋ ಸಲ ಕಡಿಮೆ ರೆಸೊಲ್ಯೂಶನ್‌ನಲ್ಲಿ. 144 ಹರ್ಟ್ಸ್‌ನಲ್ಲಿ ಸೋಲುವ ಕೇಬಲ್ ಅಲ್ಲಿ ಆರಾಮಾಗಿ ಪಾಸಾಗುತ್ತದೆ. ಅತ್ಯಗತ್ಯ ಡ್ರೈವರ್‌ಗಳಷ್ಟೇ ಲೋಡ್ ಆಗುವ ವಿಂಡೋಸ್‌ನ ಸೇಫ್ ಮೋಡ್‌ನ ಕಥೆಯೂ ಇದೇ.

ಆದ್ದರಿಂದ ವಿಂಡೋಸ್‌ಗೆ ಮರಳಿ ಬಂದು ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಅಡ್ವಾನ್ಸ್ಡ್ ಡಿಸ್‌ಪ್ಲೇ ಎಂಬಲ್ಲಿ ರಿಫ್ರೆಶ್ ರೇಟ್ ಅನ್ನು 60 ಹರ್ಟ್ಸ್‌ಗೆ ಇಳಿಸಿ ನೋಡಿ. ಮಿಟುಕಾಟ ನಿಂತಿತೇ? ಹಾಗಾದರೆ ಲೆಕ್ಕ ಹಾಕಬೇಕಾದದ್ದು ಬ್ಯಾಂಡ್‌ವಿಡ್ತ್, ಅಂದರೆ ಕೇಬಲ್ ಸೆಕೆಂಡಿಗೆ ಎಷ್ಟು ದತ್ತಾಂಶ ಸಾಗಿಸಬಲ್ಲದು ಎಂಬುದು. 2560×1440 ಪಿಕ್ಸೆಲ್, 144 ಹರ್ಟ್ಸ್, 8 ಬಿಟ್ ಬಣ್ಣಕ್ಕೆ ಚಿತ್ರದ ದತ್ತಾಂಶವೇ ಸೆಕೆಂಡಿಗೆ ಸುಮಾರು 12.7 ಗಿಗಾಬಿಟ್. ಎಚ್‌ಡಿಎಂಐ 2.0 ಕೇಬಲ್ ಮೇಲೆ 18 ಗಿಗಾಬಿಟ್ ಎಂದು ಬರೆದಿದ್ದರೂ ಚಿತ್ರಕ್ಕೆ ಸಿಗುವುದು 14.4 ಮಾತ್ರ. ಫ್ರೇಮ್‌ಗಳ ನಡುವಿನ ಖಾಲಿ ಸಮಯ ಸೇರಿದರೆ ಅಂಚಿಗೆ ಬಂದು ನಿಲ್ಲುತ್ತದೆ. ಬಣ್ಣವನ್ನು 10 ಬಿಟ್‌ಗೆ ಏರಿಸಿದರೆ 15.9 ಗಿಗಾಬಿಟ್ ಬೇಕು, ಹಿಡಿಸುವುದೇ ಇಲ್ಲ. ಡಿಸ್‌ಪ್ಲೇಪೋರ್ಟ್ 1.2ರಲ್ಲಿ 17.28, 1.4ರಲ್ಲಿ 25.92 ಗಿಗಾಬಿಟ್ ಸಿಗುತ್ತದೆ. ಹೀಗಾಗಿ ಹೆಚ್ಚು ಹರ್ಟ್ಸ್‌ನ ಮಾನಿಟರ್‌ಗೆ ಡಿಸ್‌ಪ್ಲೇಪೋರ್ಟ್ ಇದ್ದರೆ ಅದನ್ನೇ ಬಳಸಿ, ಕೇಬಲ್ 2 ಮೀಟರ್ ದಾಟದಿರಲಿ, ಡಿಸ್‌ಪ್ಲೇಪೋರ್ಟ್‌ನ ಮಾನದಂಡ ರೂಪಿಸುವ ವೆಸಾ ಸಂಸ್ಥೆಯಿಂದ ಸರ್ಟಿಫೈಡ್ ಆಗಿರಲಿ. ಅಗ್ಗದ ಡಿಸ್‌ಪ್ಲೇಪೋರ್ಟ್ ಕೇಬಲ್‌ಗಳಲ್ಲಿ 20ನೇ ಪಿನ್ ಅನ್ನು ಎರಡೂ ತುದಿಗೆ ಜೋಡಿಸಿಬಿಟ್ಟಿರುವುದುಂಟು. ಅದು ಪವರ್ ಪಿನ್, ಎರಡು ತುದಿಯ ನಡುವೆ ಜೋಡಿಸಲೇಬಾರದು. ಜೋಡಿಸಿದರೆ ಮಾನಿಟರ್‌ನಿಂದ ಕಾರ್ಡ್‌ಗೆ ಕರೆಂಟ್ ಹಿಮ್ಮುಖವಾಗಿ ಹರಿದು ವಿಚಿತ್ರ ತೊಂದರೆಗಳು ಶುರುವಾಗುತ್ತವೆ.

ಹಳೆಯ ವಿಜಿಎ ಮಾನಿಟರ್‌ಗೆ ಎಚ್‌ಡಿಎಂಐ ಕನ್ವರ್ಟರ್ ಹಾಕಿಕೊಂಡವರು ಮೊದಲು ಆ ಕನ್ವರ್ಟರ್ ಅನ್ನು ಅನುಮಾನಿಸಿ. ಎಚ್‌ಡಿಎಂಐ ಪೋರ್ಟ್ 5 ವೋಲ್ಟ್‌ನಲ್ಲಿ ಖಾತ್ರಿಯಾಗಿ ಕೊಡಬೇಕಾದ್ದು ಬರೀ 55 ಮಿಲಿಆಂಪ್. ಅದಕ್ಕಿಂತ ಹೆಚ್ಚು ಎಳೆಯುವ ಕನ್ವರ್ಟರ್ ಬಿಸಿಯಾಗಿ ಆಗಾಗ ಕಣ್ಣು ಮುಚ್ಚುತ್ತದೆ. ಪಕ್ಕದಲ್ಲಿ ಮೈಕ್ರೋ ಯುಎಸ್‌ಬಿ ಪವರ್ ಕಿಂಡಿ ಇರುವಂಥದ್ದನ್ನು ಕೊಂಡು ಅದಕ್ಕೆ ಪ್ರತ್ಯೇಕ ಪವರ್ ಕೊಡಿ.

ಇನ್ನೊಂದು ಮಾತು, ನಗಬೇಡಿ: ಕುರ್ಚಿಯಿಂದ ಎದ್ದಾಗ ಅಥವಾ ಕೂತಾಗ ಮಾತ್ರ ಸ್ಕ್ರೀನ್ ಕಪ್ಪಾಗುತ್ತದೆ ಎಂದಾದರೆ ಕಾರಣ ಕುರ್ಚಿಯೇ. ಗ್ಯಾಸ್ ಲಿಫ್ಟ್ ಇರುವ ಆಫೀಸ್ ಕುರ್ಚಿಗಳಿಂದ ಹೊಮ್ಮುವ ಸ್ಥಾಯಿ ವಿದ್ಯುತ್ತಿನ ತರಂಗ ವಿಡಿಯೋ ಕೇಬಲ್ ಹಿಡಿದು ಸಿಗ್ನಲ್ ಕಡಿಯಬಲ್ಲದು ಎಂದು ಯುಎಸ್‌ಬಿ ಮೂಲಕ ಮಾನಿಟರ್ ಜೋಡಿಸುವ ತಂತ್ರಜ್ಞಾನದ ಡಿಸ್‌ಪ್ಲೇಲಿಂಕ್ ಕಂಪನಿಯೇ ಬಳಕೆದಾರರಿಗೆ ತಿಳಿಸಿದೆ. ಒಳ್ಳೆಯ ಶೀಲ್ಡಿಂಗ್ ಇರುವ ಕೇಬಲ್ ಹಾಕಿ.

ಡ್ರೈವರ್‌ದೇ ಎಂಬುದಕ್ಕೆ ಸಾಕ್ಷಿ

ಸ್ಟಾರ್ಟ್ ಮೆನುವಿನಲ್ಲಿ ಈವೆಂಟ್ ವ್ಯೂವರ್ ತೆರೆದು ವಿಂಡೋಸ್ ಲಾಗ್ಸ್, ಸಿಸ್ಟಮ್ ಎಂಬಲ್ಲಿಗೆ ಹೋಗಿ, ಬಲಗಡೆಯ ಫಿಲ್ಟರ್‌ನಲ್ಲಿ 4101 ಎಂಬ ಈವೆಂಟ್ ನಂಬರ್ ಕೊಡಿ. ‘ಡಿಸ್‌ಪ್ಲೇ ಡ್ರೈವರ್ ಪ್ರತಿಕ್ರಿಯಿಸುವುದನ್ನು ನಿಲ್ಲಿಸಿತ್ತು, ಈಗ ಚೇತರಿಸಿಕೊಂಡಿದೆ’ ಎಂಬ ಅರ್ಥದ ಸಾಲು ಕಂಡರೆ ಸಾಕ್ಷಿ ಸಿಕ್ಕಂತೆ. ಆ ಸಾಲಿನಲ್ಲಿ ಡ್ರೈವರ್ ಫೈಲಿನ ಹೆಸರೂ ಇರುತ್ತದೆ: ಎನ್‌ವಿ ಎಂದು ಶುರುವಾದರೆ ಎನ್‌ವಿಡಿಯಾ, ಎಎಂಡಿ ಎಂದಿದ್ದರೆ ಎಎಂಡಿ, ಐಜಿಎಫ್‌ಎಕ್ಸ್ ಎಂದಿದ್ದರೆ ಇಂಟೆಲ್.

ಇದರ ಹಿಂದೆ ನಡೆಯುವುದು ಇಷ್ಟು. ಕಾರ್ಡ್‌ಗೆ ಒಪ್ಪಿಸಿದ ಕೆಲಸ 2 ಸೆಕೆಂಡ್ ಕಳೆದರೂ ಮುಗಿಯದೆ, ಅದನ್ನು ಮಧ್ಯದಲ್ಲಿ ತಡೆಯಲೂ ಆಗದಿದ್ದರೆ ವಿಂಡೋಸ್ ಡ್ರೈವರ್ ಅನ್ನು ರೀಸೆಟ್ ಮಾಡುತ್ತದೆ. ಆ ಹೊತ್ತಿಗೆ ಸ್ಕ್ರೀನ್ ಕಪ್ಪಾಗಿ ಮರಳುತ್ತದೆ. ಇದಕ್ಕೆ ಟಿಡಿಆರ್ ಎನ್ನುತ್ತಾರೆ. ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಟ್ಟುಕೊಳ್ಳುವ ರಿಜಿಸ್ಟ್ರಿಯಲ್ಲಿ ಆ 2 ಸೆಕೆಂಡನ್ನು 8 ಅಥವಾ 10 ಮಾಡಿ ಎಂಬ ಸಲಹೆ ಅಲ್ಲಲ್ಲಿ ಸಿಗುತ್ತದೆ. ದೀರ್ಘ ರೆಂಡರಿಂಗ್ ಮಾಡುವವರಿಗೆ ಅದು ಉಪಯೋಗಕ್ಕೆ ಬಂದೀತು. ಮಿಟುಕಾಟಕ್ಕೆ ಅದು ಮದ್ದಲ್ಲ, ಸ್ಕ್ರೀನ್ ಇನ್ನಷ್ಟು ಹೊತ್ತು ಹೆಪ್ಪುಗಟ್ಟಿ ನಿಲ್ಲುತ್ತದೆ, ಅಷ್ಟೇ.

ರಿಲಯಬಿಲಿಟಿ ಹಿಸ್ಟರಿ ಎಂದು ಸ್ಟಾರ್ಟ್ ಮೆನುವಿನಲ್ಲಿ ಟೈಪ್ ಮಾಡಿದರೆ ದಿನಾಂಕವಾರು ಪಟ್ಟಿ ತೆರೆಯುತ್ತದೆ. ಯಾವ ದಿನ ಯಾವ ಡ್ರೈವರ್ ಬಂದು ಕೂತಿತು, ತೊಂದರೆ ಯಾವ ದಿನದಿಂದ ಶುರು ಎಂಬುದು ಒಂದೇ ಕಡೆ ಕಾಣುತ್ತದೆ. ವಿಂಡೋಸ್ ಅಪ್‌ಡೇಟ್ ನಿಮ್ಮನ್ನು ಕೇಳದೆ ಡ್ರೈವರ್ ಬದಲಿಸಿದ್ದರೆ ಇಲ್ಲಿ ಸಿಕ್ಕಿಬೀಳುತ್ತದೆ. ಅಲ್ಲಿ ಹಾರ್ಡ್‌ವೇರ್ ಎರರ್ ಎಂದು ಬಂದು ಒಳಗೆ 117 ಅಥವಾ 141 ಎಂಬ ಕೋಡ್ ಇದ್ದರೆ ಅದೂ ಇದೇ ಟಿಡಿಆರ್ ಕುಟುಂಬದ್ದು. ಹಾರ್ಡ್‌ವೇರ್ ಎಂಬ ಪದ ನೋಡಿ ಕೂಡಲೇ ಕಾರ್ಡ್ ಹೋಯಿತೆಂದು ಗಾಬರಿಯಾಗಬೇಡಿ.

ಹಗುರದ ಉಪಾಯಗಳು

ವಿಂಡೋಸ್ ಕೀ, ಕಂಟ್ರೋಲ್, ಶಿಫ್ಟ್, ಬಿ ನಾಲ್ಕನ್ನೂ ಒಟ್ಟಿಗೆ ಒತ್ತಿ. ಒಂದು ಬೀಪ್ ಕೇಳಿಸಿ ಸ್ಕ್ರೀನ್ ಕ್ಷಣಕಾಲ ಹೋಗಿ ಬರುತ್ತದೆ, ಗ್ರಾಫಿಕ್ಸ್ ಡ್ರೈವರ್ ರೀಸೆಟ್ ಆಯಿತೆಂದು ಅರ್ಥ. ತೆರೆದ ಕೆಲಸಕ್ಕೆ ಸಾಮಾನ್ಯವಾಗಿ ಧಕ್ಕೆಯಿಲ್ಲ, ಆದರೂ ಸೇವ್ ಮಾಡಿಕೊಂಡು ಒತ್ತಿ. ಇದರಿಂದ ಮಿಟುಕಾಟ ಸ್ವಲ್ಪ ಹೊತ್ತು ನಿಂತು ಮತ್ತೆ ಬಂದರೆ ಡ್ರೈವರ್ ಮೇಲಿನ ಗುಮಾನಿ ಬಲವಾಯಿತು.

ಅಪ್‌ಡೇಟ್ ಆದ ಮರುದಿನದಿಂದಲೇ ತೊಂದರೆ ಎಂದಾದರೆ ರೋಲ್‌ಬ್ಯಾಕ್‌ಗಿಂತ, ಅಂದರೆ ಹಿಂದಿನ ಡ್ರೈವರ್‌ಗೆ ಮರಳುವುದಕ್ಕಿಂತ, ಸುಲಭದ ದಾರಿ ಇಲ್ಲ. ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್, ಡಿವೈಸ್ ಮ್ಯಾನೇಜರ್, ಡಿಸ್‌ಪ್ಲೇ ಅಡಾಪ್ಟರ್ಸ್, ನಿಮ್ಮ ಕಾರ್ಡ್‌ನ ಪ್ರಾಪರ್ಟೀಸ್, ಡ್ರೈವರ್ ಟ್ಯಾಬ್, ರೋಲ್ ಬ್ಯಾಕ್ ಡ್ರೈವರ್. ಬಟನ್ ಮಂಕಾಗಿದ್ದರೆ ಹಳೆಯ ಡ್ರೈವರ್‌ನ ಪ್ರತಿ ವಿಂಡೋಸ್ ಬಳಿ ಉಳಿದಿಲ್ಲ ಎಂದರ್ಥ.

ಬ್ರೌಸರ್‌ನಲ್ಲಿ ವಿಡಿಯೋ ನೋಡುವಾಗ ಮಾತ್ರ ಮಿಟುಕುತ್ತದೆಯೇ? ಕ್ರೋಮ್‌ನ ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್ ಎಂಬಲ್ಲಿ ಗ್ರಾಫಿಕ್ಸ್ ಆ್ಯಕ್ಸಿಲರೇಶನ್ ಆಫ್ ಮಾಡಿ, ಬ್ರೌಸರ್ ಮುಚ್ಚಿ ತೆರೆದು ನೋಡಿ. ನಿಂತರೆ ಕಾರಣದ ಹತ್ತಿರ ಬಂದಿರಿ. ಆದರೆ ಅದನ್ನು ಹಾಗೇ ಆಫ್ ಬಿಟ್ಟರೆ ವಿಡಿಯೋದ ಭಾರವೆಲ್ಲ ಪ್ರೊಸೆಸರ್ ಮೇಲೆ. ಇಂಥ ಕಡೆ ನಿಜವಾದ ಆರೋಪಿ ಬಹಳ ಸಲ ಎಂಪಿಒ, ಅಂದರೆ ಮಲ್ಟಿಪ್ಲೇನ್ ಓವರ್‌ಲೇ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸ್ಕ್ರೀನ್ ಮೇಲಿನ ಎಲ್ಲ ಕಿಟಕಿಗಳನ್ನು ಸೇರಿಸಿ ಒಂದೇ ಚಿತ್ರ ಮಾಡುವುದು ಡೆಸ್ಕ್‌ಟಾಪ್ ವಿಂಡೋ ಮ್ಯಾನೇಜರ್‌ನ ಕೆಲಸ. ಎಂಪಿಒ ಇದ್ದರೆ ವಿಡಿಯೋ ಅಥವಾ ಗೇಮ್‌ನ ಕಿಟಕಿ ಆ ಚಿತ್ರದಲ್ಲಿ ಸೇರದೆ ಪ್ರತ್ಯೇಕ ಪದರವಾಗಿ ಹೋಗಿ, ಮಾನಿಟರ್‌ಗೆ ಕಳಿಸುವ ಕೊನೆಯ ಗಳಿಗೆಯಲ್ಲಿ ಕಾರ್ಡ್ ಅದನ್ನು ಬೆರೆಸುತ್ತದೆ. ಕೆಲಸವೂ ಕಡಿಮೆ, ವಿದ್ಯುತ್ತೂ ಉಳಿತಾಯ. ಪದರ ಕೂಡಿಸುವಾಗ ಅಥವಾ ತೆಗೆಯುವಾಗ ಡ್ರೈವರ್ ತಾಳ ತಪ್ಪಿದರೆ ಕಪ್ಪು ಮಿಂಚು ಕಾಣುತ್ತದೆ. ಒಂದು ಮಾನಿಟರ್ 144 ಹರ್ಟ್ಸ್, ಪಕ್ಕದ್ದು 60 ಎಂಬ ಜೋಡಿಗಳಲ್ಲಿ ಇದು ಹೆಚ್ಚು. ಈ ಬಗೆಯ ಮಿಟುಕಾಟ ಸ್ಕ್ರೀನ್ ರೆಕಾರ್ಡಿಂಗ್‌ನಲ್ಲಿ ಸಾಮಾನ್ಯವಾಗಿ ಸಿಗುವುದಿಲ್ಲ, ಫೋನ್ ಹಿಡಿದು ವಿಡಿಯೋ ಮಾಡಿದರೆ ಮಾತ್ರ ಸಿಗುತ್ತದೆ. ಏಕೆಂದರೆ ಎಡವಟ್ಟಾಗುವುದು ಕೊನೆಯ ಗಳಿಗೆಯಲ್ಲಿ.

ಎಂಪಿಒ ಆಫ್ ಮಾಡಲು ರಿಜಿಸ್ಟ್ರಿ ಎಡಿಟರ್ ಅನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಎಚ್‌ಕೀ ಲೋಕಲ್ ಮಷೀನ್, ಸಾಫ್ಟ್‌ವೇರ್, ಮೈಕ್ರೋಸಾಫ್ಟ್, ವಿಂಡೋಸ್, ಡಿಡಬ್ಲ್ಯುಎಂ ಎಂಬ ಫೋಲ್ಡರ್‌ವರೆಗೆ ಇಳಿಯಿರಿ. ಕೊನೆಯದಕ್ಕೆ ಮುಂಚಿನ ಫೋಲ್ಡರ್ ‘ವಿಂಡೋಸ್’, ‘ವಿಂಡೋಸ್ ಎನ್‌ಟಿ’ ಅಲ್ಲ, ಎರಡೂ ಅಕ್ಕಪಕ್ಕ ಇರುತ್ತವೆ. ಅಲ್ಲಿ 32 ಬಿಟ್‌ನ ಹೊಸ ಡಿವರ್ಡ್ (DWORD) ಎಂಬ ನಮೂದೊಂದನ್ನು ಸೃಷ್ಟಿಸಿ ‘ಓವರ್‌ಲೇಟೆಸ್ಟ್‌ಮೋಡ್’ (OverlayTestMode) ಎಂದು ಇಂಗ್ಲಿಷ್‌ನಲ್ಲಿ, ನಡುವೆ ಜಾಗ ಬಿಡದೆ ಹೆಸರಿಟ್ಟು ಬೆಲೆ 5 ಕೊಡಿ. ರೀಸ್ಟಾರ್ಟ್ ಮಾಡಿ. ಇದು ಯಾರೋ ಕಂಡುಕೊಂಡ ಕಳ್ಳದಾರಿ ಅಲ್ಲ, ಎನ್‌ವಿಡಿಯಾದವರೇ ಇದಕ್ಕೆ ರಿಜಿಸ್ಟ್ರಿ ಫೈಲ್ ಕೊಟ್ಟಿದ್ದರು. ನಿಜಕ್ಕೂ ಆಫ್ ಆಯಿತೇ ಎಂದು ನೋಡಲು ವಿಂಡೋಸ್‌ನದೇ ಆದ ಡಿಎಕ್ಸ್‌ಡಯಾಗ್ (dxdiag) ಎಂಬ ಪರೀಕ್ಷಾ ಸಾಫ್ಟ್‌ವೇರ್ ಓಡಿಸಿ, ಸೇವ್ ಆಲ್ ಇನ್‌ಫರ್ಮೇಶನ್ ಒತ್ತಿ, ಸಿಗುವ ಟೆಕ್ಸ್ಟ್ ಫೈಲ್‌ನಲ್ಲಿ ಎಂಪಿಒ ಮ್ಯಾಕ್ಸ್‌ಪ್ಲೇನ್ಸ್ ಎಂಬ ಸಾಲು ಹುಡುಕಿ. 1 ಎಂದಿದ್ದರೆ ಆಫ್, ಅದಕ್ಕಿಂತ ಹೆಚ್ಚಿದ್ದರೆ ಇನ್ನೂ ಆನ್. ಮಿಟುಕಾಟ ನಿಲ್ಲದಿದ್ದರೆ ಆ ಡಿವರ್ಡ್ ಅಳಿಸಿ ಮೊದಲಿನ ಸ್ಥಿತಿಗೆ ಬನ್ನಿ. ಕೆಲಸಕ್ಕೆ ಬಾರದ ಬದಲಾವಣೆಗಳನ್ನು ಹಾಗೇ ಬಿಟ್ಟುಕೊಂಡು ಮುಂದಕ್ಕೆ ಹೋದರೆ ಕೊನೆಗೆ ಯಾವುದು ಏನು ಮಾಡಿತೆಂದು ಬ್ರಹ್ಮನಿಗೂ ತಿಳಿಯದು.

ಸುಮ್ಮನೆ ಡೆಸ್ಕ್‌ಟಾಪ್ ನೋಡುತ್ತಿದ್ದಾಗ ಮಿಟುಕಿ, ಗೇಮ್ ಅಥವಾ ವಿಡಿಯೋ ಶುರುಮಾಡಿದರೆ ನಿಲ್ಲುವ ಇನ್ನೊಂದು ಬಗೆಯಿದೆ. ಕೆಲಸವಿಲ್ಲದಾಗ ಕಾರ್ಡ್ ತನ್ನ ಮೆಮೊರಿಯ ವೇಗ ಇಳಿಸುತ್ತದೆ, ಮೌಸ್ ಅಲುಗಾಡಿದರೆ ಏರಿಸುತ್ತದೆ. ಆ ಏರಿಳಿತ ಎರಡು ಫ್ರೇಮ್‌ಗಳ ನಡುವಿನ ಬಿಡುವಿನಲ್ಲಿ ಮುಗಿಯಬೇಕು, ಮುಗಿಯದಿದ್ದರೆ ಒಂದು ಕ್ಷಣ ಚಿತ್ರ ಹರಿಯುತ್ತದೆ. ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಪವರ್ ಮ್ಯಾನೇಜ್‌ಮೆಂಟ್ ಮೋಡ್ ಅನ್ನು ಮ್ಯಾಕ್ಸಿಮಮ್ ಪರ್ಫಾರ್ಮೆನ್ಸ್‌ಗೆ ಇಟ್ಟು ನೋಡಿ, ಅಥವಾ 144ರ ಬದಲು 120 ಹರ್ಟ್ಸ್‌ಗೆ ಇಳಿಸಿ. ಎರಡನೆಯದೇ ಒಳ್ಳೆಯದು, ಕಾರ್ಡ್ ದಿನವಿಡೀ ಬಿಸಿಯಾಗಿ ಕೂರುವುದಿಲ್ಲ.

ಗೇಮ್‌ನ ಲೋಡಿಂಗ್ ಸ್ಕ್ರೀನ್‌ನಲ್ಲಿ, ಕತ್ತಲ ದೃಶ್ಯದಲ್ಲಿ ಬೆಳಕು ಏರಿಳಿದಂತೆ ಕಂಡರೆ ಅದು ಜಿ-ಸಿಂಕ್ ಅಥವಾ ಫ್ರೀಸಿಂಕ್‌ನದು, ಅಂದರೆ ಗೇಮ್‌ನ ವೇಗಕ್ಕೆ ತಕ್ಕಂತೆ ಮಾನಿಟರ್‌ನ ರಿಫ್ರೆಶ್ ರೇಟ್ ಬದಲಿಸುವ ಸೌಲಭ್ಯದ್ದು. ರಿಫ್ರೆಶ್ ರೇಟ್ ಬದಲಾದಂತೆ ವಿಎ ಮತ್ತು ಓಎಲ್‌ಇಡಿ ಪ್ಯಾನೆಲ್‌ಗಳ ಹೊಳಪೂ ಚೂರು ಬದಲಾಗುತ್ತದೆ. ಡ್ರೈವರ್ ಎಷ್ಟು ಬದಲಿಸಿದರೂ ಅದು ಹೋಗದು. ಜಿ-ಸಿಂಕ್ ಅನ್ನು ಫುಲ್‌ಸ್ಕ್ರೀನ್‌ಗೆ ಮಾತ್ರ ಇಡಿ, ಅಥವಾ ಆ ಗೇಮ್‌ಗೆ ಆಫ್ ಮಾಡಿ.

ಬುಡಸಮೇತ ತೆಗೆದು ಹೊಸದಾಗಿ ಹಾಕುವುದು

ಮೇಲಿನದ್ಯಾವುದೂ ಫಲ ಕೊಡದಿದ್ದರೆ ಡಿಸ್‌ಪ್ಲೇ ಡ್ರೈವರ್ ಅನ್‌ಇನ್‌ಸ್ಟಾಲರ್ ಎಂಬ ಸಾಫ್ಟ್‌ವೇರ್ ಬಳಸಿ, ಎಲ್ಲರ ಬಾಯಲ್ಲಿ ಅದು ಡಿಡಿಯು. ಸುಮ್ಮನೆ ಮೇಲಿಂದ ಮೇಲೆ ಡ್ರೈವರ್ ಹಾಕುತ್ತ ಹೋದರೆ ಹಳೆಯ ಸೆಟ್ಟಿಂಗ್, ಪ್ರೊಫೈಲ್, ರಿಜಿಸ್ಟ್ರಿಯ ಚೂರುಪಾರು ಉಳಿಯುತ್ತವೆ. ಎಎಂಡಿ ಕಾರ್ಡ್ ತೆಗೆದು ಎನ್‌ವಿಡಿಯಾ ಹಾಕಿದ ಮೆಷಿನ್‌ಗಳಲ್ಲಂತೂ ಇದನ್ನು ಮಾಡಲೇಬೇಕು.

ತಯಾರಿಯೇ ಇಲ್ಲಿ ಮುಖ್ಯ. ಡಿಡಿಯು ಮತ್ತು ಹೊಸದಾಗಿ ಹಾಕಬೇಕಾದ ಡ್ರೈವರ್ (ಯಾವುದೆಂದು ಮುಂದೆ ಹೇಳಿದೆ) ಎರಡನ್ನೂ ಮೊದಲೇ ಡೌನ್‌ಲೋಡ್ ಮಾಡಿ ಡೆಸ್ಕ್‌ಟಾಪ್ ಮೇಲೆ ಇಟ್ಟುಕೊಳ್ಳಿ. ಎಡವಟ್ಟಾದರೆ ವಿಂಡೋಸ್ ಅನ್ನು ಈಗಿನ ಸ್ಥಿತಿಗೆ ಮರಳಿಸಲು ರಿಸ್ಟೋರ್ ಪಾಯಿಂಟ್ ಮಾಡಿ. ವಿಂಡೋಸ್ 11ರಲ್ಲಿ ಡಿವೈಸ್ ಎನ್‌ಕ್ರಿಪ್ಶನ್ ಅಥವಾ ಬಿಟ್‌ಲಾಕರ್ (ಡಿಸ್ಕ್‌ನ ದತ್ತಾಂಶಕ್ಕೆ ಬೀಗ ಹಾಕುವ ಸೌಲಭ್ಯ) ಆನ್ ಇದ್ದರೆ ಸೇಫ್ ಮೋಡ್‌ಗೆ ಹೋಗುವಾಗ 48 ಅಂಕಿಯ ರಿಕವರಿ ಕೀ ಕೇಳಬಹುದು. ಅದನ್ನು ಮೈಕ್ರೋಸಾಫ್ಟ್ ಅಕೌಂಟ್‌ನಿಂದ ತೆಗೆದು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಸೇಫ್ ಮೋಡ್‌ನಲ್ಲಿ ಪಿನ್ ಕೈಕೊಡುವುದುಂಟು, ಹಾಗಾಗಿ ಅಕೌಂಟ್ ಪಾಸ್‌ವರ್ಡ್ ನೆನಪಿರಲಿ.

1. ಲ್ಯಾನ್ ಕೇಬಲ್ ಕಿತ್ತುಹಾಕಿ, ವೈಫೈ ಆಫ್ ಮಾಡಿ. ಇಲ್ಲದಿದ್ದರೆ ನೀವು ತೆಗೆದ ಮರುಕ್ಷಣವೇ ವಿಂಡೋಸ್ ಅಪ್‌ಡೇಟ್ ತನಗೆ ತೋಚಿದ ಡ್ರೈವರ್ ತಂದು ಕೂರಿಸುತ್ತದೆ. ಡಿಡಿಯು ಓಡಿಸಿಯೂ ಸರಿಹೋಗಲಿಲ್ಲ ಎನ್ನುವವರು ಬಹಳ ಸಲ ತಪ್ಪಿಸುವ ಹೆಜ್ಜೆ ಇದೇ.
2. ಶಿಫ್ಟ್ ಒತ್ತಿ ಹಿಡಿದು ರೀಸ್ಟಾರ್ಟ್ ಕ್ಲಿಕ್ ಮಾಡಿ. ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಶನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್, ರೀಸ್ಟಾರ್ಟ್. ಪಟ್ಟಿ ಬಂದಾಗ 4 ಒತ್ತಿ, ಸೇಫ್ ಮೋಡ್ ಶುರುವಾಗುತ್ತದೆ.
3. ಡಿಡಿಯು ತೆರೆದು ಬಲಗಡೆ ಜಿಪಿಯು (ಗ್ರಾಫಿಕ್ಸ್ ಚಿಪ್) ಆರಿಸಿ, ಕಂಪನಿ ಆರಿಸಿ, ಕ್ಲೀನ್ ಆ್ಯಂಡ್ ರೀಸ್ಟಾರ್ಟ್ ಒತ್ತಿ.
4. ಮರಳಿ ಬಂದಾಗ ಅಕ್ಷರಗಳು ದಪ್ಪದಪ್ಪ, ರೆಸೊಲ್ಯೂಶನ್ ಕಡಿಮೆ ಇರಬಹುದು. ಈಗ ಓಡುತ್ತಿರುವುದು ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್, ಹೆದರಬೇಡಿ. ಹೊಸ ಡ್ರೈವರ್ ಓಡಿಸಿ, ಕಸ್ಟಮ್ ಆರಿಸಿ, ಡ್ರೈವರ್ ಮಾತ್ರ ಹಾಕಿ. ಓವರ್‌ಲೇ ತೋರಿಸುವ ಆ್ಯಪ್ ಸದ್ಯಕ್ಕೆ ಬೇಡ.
5. ನಡುವೆ ಸ್ಕ್ರೀನ್ ಒಂದೆರಡು ಸಲ ಕಪ್ಪಾಗುತ್ತದೆ. ಪವರ್ ಬಟನ್‌ಗೆ ಕೈ ಹಾಕಬೇಡಿ.
6. ರೀಸ್ಟಾರ್ಟ್ ಮಾಡಿ, ಒಂದು ಗಂಟೆ ಬಳಸಿ ನೋಡಿ, ಆಮೇಲೆ ಇಂಟರ್ನೆಟ್ ಜೋಡಿಸಿ.

ಹಾಕಬೇಕಾದದ್ದು ಯಾವ ಡ್ರೈವರ್? ಲೇಟೆಸ್ಟ್ ಅಲ್ಲ, ಮಿಟುಕಾಟ ಇಲ್ಲದಿದ್ದ ದಿನಗಳಲ್ಲಿ ಇದ್ದದ್ದು. ಡಿಎಕ್ಸ್‌ಡಯಾಗ್ ಅಥವಾ ಡಿವೈಸ್ ಮ್ಯಾನೇಜರ್ ಎನ್‌ವಿಡಿಯಾ ಡ್ರೈವರ್‌ನ ನಂಬರ್ ಅನ್ನು 32.0.15.6094 ಎಂಬಂತೆ ತೋರಿಸುತ್ತದೆ. ಅದರ ಕೊನೆಯ ಐದು ಅಂಕಿ ನೋಡಿ, 56094, ಅಂದರೆ 560.94. ವೆಬ್‌ಸೈಟಿನಲ್ಲಿ ಹುಡುಕಬೇಕಾದ ಹೆಸರು ಅದು.

ಹಳೆಯ ಕಾರ್ಡ್ ಇದ್ದವರಿಗೆ ಆಯ್ಕೆ ಇನ್ನೂ ಕಿರಿದು. ಎನ್‌ವಿಡಿಯಾದ ಜಿಟಿ 710 ಕೆಪ್ಲರ್ ಎಂಬ ಹಳೆಯ ತಲೆಮಾರಿನ ಚಿಪ್‌ನದು, 470ರ ಸರಣಿಯ ಡ್ರೈವರ್‌ನ ಆಚೆಗೆ ಹೋಗದು. ಜಿಟಿ 730 ಎಂಬ ಒಂದೇ ಹೆಸರಿನಲ್ಲಿ ಕೆಪ್ಲರ್, ಫರ್ಮಿ ಎರಡೂ ಚಿಪ್‌ಗಳು ಮಾರಾಟವಾಗಿವೆ. ಫರ್ಮಿಯಾದರೆ 391.35ಕ್ಕೇ ಕೊನೆ. ಜಿಪಿಯು-ಝಡ್ ಎಂಬ ಪುಟ್ಟ ಸಾಫ್ಟ್‌ವೇರ್ ಯಾವುದೆಂದು ಹೇಳುತ್ತದೆ. ಜಿಟಿಎಕ್ಸ್ 900 ಮತ್ತು 1000 ಸರಣಿಯವರಿಗೆ 580ರ ಸರಣಿ ಕೊನೆಯದು.

ಸರಿಹೋದ ಮೇಲೆ ವಿಂಡೋಸ್ ಮತ್ತೆ ಮೂಗು ತೂರಿಸದಂತೆ ನೋಡಿಕೊಳ್ಳಬೇಕು. ಪ್ರೊ ಆವೃತ್ತಿ ಇದ್ದರೆ ಗ್ರೂಪ್ ಪಾಲಿಸಿಯಲ್ಲಿ ವಿಂಡೋಸ್ ಅಪ್‌ಡೇಟ್ ಜೊತೆ ಡ್ರೈವರ್ ಸೇರಿಸಬೇಡ ಎಂಬ ಆಯ್ಕೆಯನ್ನು ಎನೇಬಲ್ ಮಾಡಿ. ಹೋಮ್ ಆವೃತ್ತಿಯಲ್ಲಿ ಗ್ರೂಪ್ ಪಾಲಿಸಿ ಇಲ್ಲ, ಡಿವೈಸ್ ಇನ್‌ಸ್ಟಲೇಶನ್ ಸೆಟ್ಟಿಂಗ್ಸ್ ಎಂದು ಹುಡುಕಿ ನೋ ಆರಿಸಿ.

ಇಷ್ಟಾದರೂ ನಿಲ್ಲದಿದ್ದರೆ

ಎರಡು ಬೇರೆ ಬೇರೆ ಡ್ರೈವರ್ ಹೀಗೆ ಶುದ್ಧವಾಗಿ ಹಾಕಿಯೂ ಮಿಟುಕಿದರೆ ಡ್ರೈವರ್ ಬೆನ್ನು ಬಿಡಿ. ಪ್ರೊಸೆಸರ್‌ನಲ್ಲಿ ಗ್ರಾಫಿಕ್ಸ್ ಇದ್ದರೆ ಕೇಬಲ್ ಅನ್ನು ಮದರ್‌ಬೋರ್ಡ್‌ನ ಪೋರ್ಟ್‌ಗೆ ಹಾಕಿ ನೋಡಿ. ಹೆಸರಿನ ಕೊನೆಯಲ್ಲಿ ಎಫ್ ಇರುವ ಇಂಟೆಲ್ ಪ್ರೊಸೆಸರ್‌ಗಳಲ್ಲಿ, ಉದಾಹರಣೆಗೆ ಐ5-12400ಎಫ್‌ನಲ್ಲಿ, ಗ್ರಾಫಿಕ್ಸ್ ಇರುವುದಿಲ್ಲ, ಅಲ್ಲಿ ಚಿತ್ರವೇ ಬಾರದು. ಓವರ್‌ಕ್ಲಾಕ್ ಮಾಡಿದ್ದರೆ ಮೊದಲಿನ ವೇಗಕ್ಕೆ ತನ್ನಿ, ಬಯಾಸ್‌ನಲ್ಲಿ ರ‍್ಯಾಮ್‌ನ ವೇಗ ಏರಿಸುವ ಎಕ್ಸ್‌ಎಂಪಿ ಆಫ್ ಮಾಡಿ ನೋಡಿ. ಕಾರ್ಡ್‌ಗೆ ಎರಡು 8 ಪಿನ್ ಕಿಂಡಿ ಇದ್ದು ಎರಡಕ್ಕೂ ಒಂದೇ ಕೇಬಲ್‌ನ ಕವಲುಗಳನ್ನು ಚುಚ್ಚಿದ್ದರೆ, ಪವರ್ ಸಪ್ಲೈಯಿಂದ ಎರಡು ಪ್ರತ್ಯೇಕ ಕೇಬಲ್ ಎಳೆಯಿರಿ. 8 ಪಿನ್ ಒಂದರ ಮಿತಿ 150 ವ್ಯಾಟ್, 6 ಪಿನ್‌ಗೆ 75, ಮದರ್‌ಬೋರ್ಡ್ ಸ್ಲಾಟ್‌ನಿಂದ ಇನ್ನೊಂದು 75.

ಮಿಟುಕಾಟದ ಜೊತೆ ಬಣ್ಣಬಣ್ಣದ ಚುಕ್ಕೆ, ಚೌಕುಳಿಗಳು ಬಯಾಸ್ ಪರದೆಯಲ್ಲೂ ಕಂಡರೆ ಕಾರ್ಡ್‌ನ ಮೆಮೊರಿ ಹೋಗಿದೆ ಎಂದೇ ಹಿಡಿಯಿರಿ. ವಾರಂಟಿಗೆ ಕೊಡುವ ಮುನ್ನ ಬಯಾಸ್ ಪರದೆಯದ್ದೇ ವಿಡಿಯೋ ಫೋನ್‌ನಲ್ಲಿ ಮಾಡಿಕೊಳ್ಳಿ, ಡ್ರೈವರ್ ಬದಲಿಸಿ ನೋಡಿ ಎಂದು ವಾಪಸ್ ಕಳಿಸಲು ಆಗ ಅವರಿಗೆ ನೆಪ ಉಳಿಯುವುದಿಲ್ಲ. ಕಾರ್ಡ್ ಹಿಂಬದಿಯ ಸೀರಿಯಲ್ ನಂಬರ್ ಸ್ಟಿಕ್ಕರ್‌ನ ಫೋಟೊ ಮತ್ತು ಬಿಲ್ ಕೈಯಲ್ಲಿರಲಿ.